ಇಂಗ್ಲಿಷ್ ಶೀರ್ಷಿಕೆಯಲ್ಲಿ ಯಾವ ಪದಕ್ಕೆ ಕ್ಯಾಪಿಟಲ್? ಮಕ್ಕಳಿಗೆ ಕನ್ನಡದ ದಾರಿಯಲ್ಲಿ ಕಲಿಸುವ ಬಗೆ

ಮೂರನೆಯದೋ ನಾಲ್ಕನೆಯದೋ ತರಗತಿಯ ಮಗುವಿನ ಇಂಗ್ಲಿಷ್ ನೋಟ್‌ಬುಕ್ ತೆರೆದು ಬರೀ ಹೆಡ್ಡಿಂಗ್‌ಗಳನ್ನು ನೋಡುತ್ತಾ ಹೋಗಿ. ಒಂದು ಪುಟದಲ್ಲಿ 'ಮೈ ಸ್ಕೂಲ್' ಎಂದು ಎರಡೂ ಪದಕ್ಕೆ ಸರಿಯಾಗಿ ಕ್ಯಾಪಿಟಲ್ ಇರುತ್ತದೆ. ಮುಂದಿನ ಪುಟದಲ್ಲಿ 'ಎ ವಿಸಿಟ್ ಟು ದಿ ಝೂ' ಎಂಬ ಐದು ಪದಕ್ಕೂ ಕ್ಯಾಪಿಟಲ್ ಬಿದ್ದಿರುತ್ತದೆ. ಅದರಾಚೆಗೆ 'ದಿಸ್ ಈಸ್ ಮೈ ಹೌಸ್' ಬಂದಾಗ 'ಈಸ್' ಮಾತ್ರ ಸ್ಮಾಲ್ ಆಗಿರುತ್ತದೆ. ಟೀಚರ್ ಕೆಂಪು ಇಂಕಿನಲ್ಲಿ ಸುತ್ತು ಹಾಕಿರುತ್ತಾರೆ, ಮಗು ಅದನ್ನು ತಿದ್ದಿಯೂ ಇರುತ್ತದೆ. ಮುಂದಿನ ವಾರ ಮತ್ತೆ ಅದೇ ಕಥೆ.

ಶಾಲೆಯಲ್ಲಿ ಸಾಮಾನ್ಯವಾಗಿ ಹೇಳಿಕೊಡುವುದು ಒಂದು ಸಾಲು: ಶೀರ್ಷಿಕೆಯಲ್ಲಿ ಮುಖ್ಯವಾದ ಪದಗಳಿಗೆ ಕ್ಯಾಪಿಟಲ್ ಹಾಕಬೇಕು. ಮುಖ್ಯವಾದದ್ದು ಯಾವುದು ಅಂತ ಎಂಟು ವರ್ಷದ ಮಗುವಿಗೆ ಹೇಗೆ ಗೊತ್ತಾಗಬೇಕು? ಬರೆಯುವಾಗ ಅದಕ್ಕೆ ಎಲ್ಲ ಪದವೂ ಮುಖ್ಯವೇ.

ಕನ್ನಡ ಮೊದಲು ಕಲಿತ ಮಕ್ಕಳಿಗೆ ಇನ್ನೂ ಒಂದು ತೊಡಕು ಇದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅನ್ನುವ ಭೇದವೇ ಇಲ್ಲ. ಗುಣಿತ ಇದೆ, ದೀರ್ಘ ಇದೆ, ಒತ್ತಕ್ಷರ ಇದೆ, ಆದರೆ ಇವೆಲ್ಲ ಬಾಯಲ್ಲಿ ನುಡಿದಾಗ ಕಿವಿಗೆ ಕೇಳುತ್ತವೆ. ಕೇಳಿದ್ದನ್ನು ಬರೆದರೆ ಮುಗಿಯಿತು. ಇಂಗ್ಲಿಷಿನ ಕ್ಯಾಪಿಟಲ್ ಕಿವಿಗೆ ಕೇಳುವುದೇ ಇಲ್ಲ. ನೀವು ಎಷ್ಟು ಸಲ ಶೀರ್ಷಿಕೆಯನ್ನು ಓದಿ ಹೇಳಿದರೂ ಯಾವುದು ದೊಡ್ಡದು ಅನ್ನುವುದು ಮಗುವಿಗೆ ಸಿಕ್ಕುವುದಿಲ್ಲ. ಹಾಗಾಗಿ ಇದನ್ನು ಡಿಕ್ಟೇಶನ್ ಕೊಟ್ಟು ಕಲಿಸಲು ಹೋಗಬೇಡಿ. ಕಣ್ಣಿನಿಂದ ಮತ್ತು ಅರ್ಥದಿಂದ ಕಲಿಸಬೇಕು. ಅರ್ಥದ ಕೆಲಸಕ್ಕೆ ನಮ್ಮ ಕನ್ನಡವೇ ಒಳ್ಳೆಯ ಸಾಧನ. ಅದನ್ನೇ ಮುಂದೆ ವಿವರಿಸಿದ್ದೇನೆ.

ಒಂದು ಸೂಚನೆ: ಇಲ್ಲಿ ಉದಾಹರಣೆಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟು, ಯಾವ ಪದ ಕ್ಯಾಪಿಟಲ್, ಯಾವುದು ಸ್ಮಾಲ್ ಎಂದು ಬಾಯಿಮಾತಿನಲ್ಲಿ ಹೇಳಿದ್ದೇನೆ. ಮಗುವಿನ ಜೊತೆ ಕೂತಾಗ ನೀವು ಇಂಗ್ಲಿಷಿನಲ್ಲಿ ಬರೆದುಕೊಳ್ಳಿ. 'ಕ್ಯಾಪಿಟಲ್' ಅಂದರೆ ಆ ಪದದ ಮೊದಲ ಅಕ್ಷರ ಮಾತ್ರ ದೊಡ್ಡದು, ಉಳಿದದ್ದು ಸಣ್ಣದು ಎಂದೇ ಅರ್ಥ.

ಯಾವಾಗ ಶುರು ಮಾಡುವುದು

ವಾಕ್ಯದ ಮೊದಲ ಅಕ್ಷರ, ಜನರ ಮತ್ತು ಊರಿನ ಹೆಸರು, ವಾರ, ತಿಂಗಳು, 'ನಾನು' ಎಂಬರ್ಥದ 'ಐ' ಇಷ್ಟಕ್ಕೆ ಕ್ಯಾಪಿಟಲ್ ಹಾಕುವುದು ಮಗುವಿಗೆ ರೂಢಿಯಾಗಿರಬೇಕು. ಅದಿಲ್ಲದೆ ಶೀರ್ಷಿಕೆಗೆ ಕೈ ಹಾಕಿದರೆ ಎರಡೂ ಕಲಸಿಹೋಗುತ್ತವೆ. ಅಮೆರಿಕದ ಹಲವು ರಾಜ್ಯಗಳು ಅನುಸರಿಸುವ ಕಾಮನ್ ಕೋರ್ ಪಠ್ಯಮಾನದಲ್ಲಿಯೂ ಕ್ರಮ ಹೀಗೇ ಇದೆ: ಒಂದನೇ ತರಗತಿಗೆ ದಿನಾಂಕ ಮತ್ತು ಜನರ ಹೆಸರು, ಎರಡನೆಯದಕ್ಕೆ ಹಬ್ಬ, ಊರು, ವಸ್ತುಗಳ ಬ್ರ್ಯಾಂಡ್ ಹೆಸರು, ಮೂರನೆಯದಕ್ಕೆ ಶೀರ್ಷಿಕೆ. ಅಲ್ಲಿರುವ ಕನ್ನಡದ ಮನೆಗಳಲ್ಲಿ ಮೂರನೇ ತರಗತಿಯ ಮಗು ಈ ಹೋಮ್‌ವರ್ಕ್ ತಂದರೆ ಅದು ಇದೇ. ನಮ್ಮಲ್ಲೂ ಎಂಟು ವರ್ಷದ ಹೊತ್ತಿಗೆ ಶುರು ಮಾಡಿದರೆ ಸಾಕು. ಯುಕೆಜಿ ಮಗುವಿಗೆ ಇದರ ಗೊಡವೆ ಬೇಡ.

ಮೊದಲ ಹೆಜ್ಜೆ: ನಿಯಮ ಹೇಳಬೇಡಿ, ಹುಡುಕಲು ಬಿಡಿ

ಮಗುವಿನ ಇಂಗ್ಲಿಷ್ ಪಠ್ಯಪುಸ್ತಕದ ಪರಿವಿಡಿ ಪುಟ ತೆರೆಯಿರಿ. ಜೊತೆಗೆ ಒಂದೆರಡು ಕಥೆ ಪುಸ್ತಕದ ಪರಿವಿಡಿಯೂ ಇರಲಿ. ಪುಸ್ತಕದ ಮುಖಪುಟ ಬೇಡ, ಅಂಗಡಿ ಬೋರ್ಡು ಬೇಡ, ಬಸ್ಸಿನ ಫಲಕವಂತೂ ಬೇಡ. ಅಲ್ಲೆಲ್ಲ ಅಲಂಕಾರಕ್ಕೆ ಅಥವಾ ದೂರದಿಂದ ಕಾಣಲಿ ಅಂತ ಪೂರ್ತಿ ದೊಡ್ಡಕ್ಷರದಲ್ಲೇ ಬರೆದಿರುತ್ತಾರೆ, ಮಗುವಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಪರಿವಿಡಿಯೂ ಪೂರ್ತಿ ದೊಡ್ಡಕ್ಷರದಲ್ಲಿದ್ದರೆ ಬೇರೆ ಪುಸ್ತಕ ನೋಡಿ.

ಇಂಗ್ಲಿಷ್ ದಿನಪತ್ರಿಕೆಯನ್ನು ಈ ಕೆಲಸಕ್ಕೆ ತರಬೇಡಿ. ಮನೆಯಲ್ಲಿ ಪತ್ರಿಕೆ ಬರುತ್ತದೆ, ಅದರಲ್ಲಿ ದಿನಕ್ಕೆ ನೂರು ತಲೆಬರಹ ಇರುತ್ತದೆ, ಅಭ್ಯಾಸಕ್ಕೆ ಇದಕ್ಕಿಂತ ಏನು ಬೇಕು ಅನ್ನಿಸುವುದು ಸಹಜ. ಆದರೆ 'ದಿ ಹಿಂದೂ' ಪತ್ರಿಕೆಯ ತಲೆಬರಹ ನೋಡಿ: ಮೊದಲ ಪದಕ್ಕೆ ಮತ್ತು ಹೆಸರುಗಳಿಗೆ ಮಾತ್ರ ಕ್ಯಾಪಿಟಲ್, ಉಳಿದದ್ದು ವಾಕ್ಯದ ಹಾಗೆ ಸ್ಮಾಲ್. ಬಿಬಿಸಿ, ಬ್ರಿಟನ್ನಿನ 'ದಿ ಗಾರ್ಡಿಯನ್' ಕೂಡ ಹೀಗೇ ಬರೆಯುತ್ತವೆ. 'ದಿ ನ್ಯೂಯಾರ್ಕ್ ಟೈಮ್ಸ್' ಬೇರೆ ದಾರಿ ಹಿಡಿದಿದೆ, ಅದು ಮುಖ್ಯ ಪದಗಳಿಗೆಲ್ಲ ಕ್ಯಾಪಿಟಲ್ ಹಾಕುತ್ತದೆ. ಎರಡೂ ಸರಿಯೇ. ಎರಡು ಪದ್ಧತಿ ಇವೆ ಅನ್ನುವುದು ಮಗುವಿಗೆ ಒಂದು ದಿನ ಗೊತ್ತಾಗಬೇಕು, ಆದರೆ ಮೊದಲ ದಿನವಲ್ಲ. ಶಾಲೆಯ ಪ್ರಬಂಧ, ಕಥೆ, ಪ್ರಾಜೆಕ್ಟ್‌ಗಳಲ್ಲಿ ಕೇಳುವುದು ಎರಡನೆಯದನ್ನು, ಅದನ್ನೇ ಗಟ್ಟಿ ಮಾಡೋಣ.

ಪರಿವಿಡಿ ಮುಂದಿಟ್ಟುಕೊಂಡು ಮಗುವಿಗೆ ಒಂದೇ ಪ್ರಶ್ನೆ ಕೇಳಿ: ಸ್ಮಾಲ್ ಲೆಟರಿನಿಂದ ಶುರುವಾಗಿರುವ ಪದ ಎಲ್ಲೆಲ್ಲಿದೆ? ಪೆನ್ಸಿಲ್‌ನಲ್ಲಿ ಅದರ ಕೆಳಗೆ ಗೆರೆ ಎಳೆಯಲಿ. ಕ್ಯಾಪಿಟಲ್ ಹುಡುಕು ಅಂದರೆ ಎಲ್ಲೆಲ್ಲೂ ಸಿಗುತ್ತದೆ, ಮಗುವಿಗೆ ಬೇಜಾರು. ಸ್ಮಾಲ್ ಹುಡುಕು ಅಂದರೆ ಬೇಟೆಯಾಗುತ್ತದೆ. ಹತ್ತು ಹದಿನೈದು ಶೀರ್ಷಿಕೆ ನೋಡುವಷ್ಟರಲ್ಲಿ 'ದಿ', 'ಆ್ಯಂಡ್', 'ಆಫ್', 'ಇನ್', 'ಟು' ಇವೇ ಮತ್ತೆ ಮತ್ತೆ ಬರುತ್ತಿವೆ ಅನ್ನುವುದು ತಾನಾಗಿ ಕಾಣುತ್ತದೆ. ಆಗ ನೀವು ಬಾಯಿ ಬಿಡಿ.

ಎರಡನೇ ಹೆಜ್ಜೆ: ಸಣ್ಣ ಪದಗಳ ಕಾರ್ಡು

ಹಳೆಯ ಮದುವೆ ಕರೆಯೋಲೆಯ ಹಿಂಬದಿ ಗಟ್ಟಿಯಾಗಿ, ಖಾಲಿಯಾಗಿ ಇರುತ್ತದೆ. ಅದರ ಮೇಲೆ ಮಗುವಿನ ಕೈಯಲ್ಲೇ ಬರೆಸಿ. ಮೊದಲ ಸಾಲಿನಲ್ಲಿ ಎ, ಆ್ಯನ್, ದಿ. ಎರಡನೇ ಸಾಲಿನಲ್ಲಿ ಆ್ಯಂಡ್, ಬಟ್, 'ಅಥವಾ' ಎಂಬರ್ಥದ ಆರ್. ಮೂರನೇ ಸಾಲಿನಲ್ಲಿ ಇನ್, ಆನ್, ಆ್ಯಟ್, ಟು, ಆಫ್, ಬೈ, ಫಾರ್, ಫ್ರಮ್, ವಿತ್. ಒಟ್ಟು 15 ಪದ. ಮಗುವಿನ ಶಾಲಾ ಬರವಣಿಗೆಗೆ ಈ 15 ಸಾಕು. 'ನಾರ್', 'ಯೆಟ್', 'ವಯಾ' ಅಂತೆಲ್ಲ ಪಟ್ಟಿ ಉದ್ದ ಮಾಡಿದರೆ ಕಾರ್ಡಿನ ಕಡೆ ಮಗು ನೋಡುವುದೇ ಬಿಡುತ್ತದೆ.

ಈ ಕಾರ್ಡಿನಲ್ಲಿ ಇರುವ ಪದ ಶೀರ್ಷಿಕೆಯ ನಡುವೆ ಬಂದರೆ ಸ್ಮಾಲ್. ಕಾರ್ಡಿನಲ್ಲಿ ಇಲ್ಲದ ಪದಕ್ಕೆ ಕ್ಯಾಪಿಟಲ್. ಶೀರ್ಷಿಕೆಯ ಮೊದಲ ಪದ ಮತ್ತು ಕೊನೆಯ ಪದ ಯಾವುದೇ ಆಗಿರಲಿ, ಕಾರ್ಡಿನಲ್ಲಿ ಇದ್ದರೂ ಕ್ಯಾಪಿಟಲ್. ನಿಯಮ ಅಂತ ಹೇಳುವುದು ಇಷ್ಟೇ.

ಮೊದಲ ಉದಾಹರಣೆಗೆ ನರಿ, ದ್ರಾಕ್ಷಿ ಕಥೆಯನ್ನೇ ತೆಗೆದುಕೊಳ್ಳಿ: 'ದಿ ಫಾಕ್ಸ್ ಆ್ಯಂಡ್ ದಿ ಗ್ರೇಪ್ಸ್'. ಕಥೆ ಮಗುವಿಗೆ ಮೊದಲೇ ಗೊತ್ತು, ಅರ್ಥಕ್ಕೆ ತಡಕಾಡಬೇಕಿಲ್ಲ. ಇದರಲ್ಲಿ 'ದಿ' ಎರಡು ಸಲ ಬಂದಿದೆ. ಮೊದಲಿನದು ಕ್ಯಾಪಿಟಲ್, ಎರಡನೆಯದು ಸ್ಮಾಲ್. ಒಂದೇ ಪದ, ಒಂದೇ ಶೀರ್ಷಿಕೆ, ಎರಡು ರೂಪ. 'ಯಾಕೆ ಹೀಗೆ?' ಅಂತ ಮಗುವನ್ನೇ ಕೇಳಿ ಸುಮ್ಮನೆ ಕೂರಿ. ಉತ್ತರ ಅದರ ಬಾಯಿಂದಲೇ ಬರಬೇಕು. ಈ ಒಂದು ಶೀರ್ಷಿಕೆಯನ್ನು ಮಗು ಬಿಡಿಸಿ ಹೇಳಿತು ಅಂದರೆ ಅರ್ಧ ಕೆಲಸ ಆಯಿತು.

ಕೊನೆಯ ಪದದ ವಿಷಯ ಮಕ್ಕಳಿಗೆ ಮರೆಯುತ್ತದೆ, ಯಾಕೆಂದರೆ ಕಾರ್ಡಿನ ಪದ ಕೊನೆಯಲ್ಲಿ ಬರುವುದು ಅಪರೂಪ. ಬೇಕೆಂದೇ ಅಂಥ ಒಂದನ್ನು ಕೊಡಿ: 'ಎ ಫ್ರೆಂಡ್ ಟು ಪ್ಲೇ ವಿತ್'. ಇಲ್ಲಿ 'ವಿತ್' ಕಾರ್ಡಿನಲ್ಲಿದೆ, ಆದರೂ ಕೊನೆಯಲ್ಲಿ ಬಂದದ್ದರಿಂದ ಕ್ಯಾಪಿಟಲ್. ನಡುವಿನ 'ಟು' ಮಾತ್ರ ಸ್ಮಾಲ್.

ಮೂರನೇ ಹೆಜ್ಜೆ: ಕನ್ನಡಕ್ಕೆ ತಿರುಗಿಸಿ ನೋಡುವುದು

ಕಾರ್ಡು ನೋಡಿ ಹಾಕುವುದು ಬಾಯಿಪಾಠದ ಹಾಗೆ. ಕಾರ್ಡು ಕೈಯಲ್ಲಿ ಇಲ್ಲದಾಗ, ಅಂದರೆ ಪರೀಕ್ಷೆಯಲ್ಲಿ, ಮಗು ಏನು ಮಾಡಬೇಕು? ಅದಕ್ಕೆ ಒಳಗಿನ ಕಾರಣ ಗೊತ್ತಿರಬೇಕು. ಆ ಕಾರಣ ಇಂಗ್ಲಿಷ್ ವ್ಯಾಕರಣದ ಹೆಸರುಗಳಲ್ಲಿ ಹೇಳಿದರೆ, ಆರ್ಟಿಕಲ್, ಪ್ರಿಪೊಸಿಷನ್, ಕಂಜಂಕ್ಷನ್ ಅಂದರೆ, ಮಗುವಿನ ಕಣ್ಣು ಕಿಟಕಿಯಾಚೆ ಹೋಗುತ್ತದೆ. ಕನ್ನಡದಲ್ಲಿ ನೋಡೋಣ.

'ದಿ ಕಿಂಗ್ ಆಫ್ ದಿ ಫಾರೆಸ್ಟ್' ಅನ್ನು ಕನ್ನಡದಲ್ಲಿ ಹೇಳು ಅನ್ನಿ. 'ಕಾಡಿನ ರಾಜ' ಅನ್ನುತ್ತದೆ. ಇಂಗ್ಲಿಷಿನಲ್ಲಿ ಐದು ಪದ, ಕನ್ನಡದಲ್ಲಿ ಎರಡು. ಉಳಿದ ಮೂರು ಎಲ್ಲಿ ಹೋದವು? ಎರಡೂ 'ದಿ' ಮಾಯವಾದವು. 'ಆಫ್' ಅನ್ನುವುದು 'ಕಾಡು' ಪದದ ಬಾಲಕ್ಕೆ 'ಇನ' ಆಗಿ ಅಂಟಿಕೊಂಡಿತು. ತಾನೇ ನಿಲ್ಲುವಷ್ಟು ಗಟ್ಟಿಯಿರುವ ಪದಗಳು 'ಕಿಂಗ್', 'ಫಾರೆಸ್ಟ್' ಎರಡೇ, ಅವಕ್ಕೆ ಕ್ಯಾಪಿಟಲ್. ಮೊದಲ 'ದಿ'ಗೆ ಕ್ಯಾಪಿಟಲ್ ಬಂದದ್ದು ಬಾಗಿಲಲ್ಲಿ ನಿಂತಿದೆ ಅನ್ನುವ ಕಾರಣಕ್ಕೆ ಮಾತ್ರ.

'ಎ ಡೇ ಅಟ್ ದಿ ಲೇಕ್' ಆದರೆ 'ಕೆರೆಯಲ್ಲಿ ಒಂದು ದಿನ'. 'ಅಟ್' ಹೋಗಿ 'ಅಲ್ಲಿ' ಆಯಿತು. 'ಎ ಲೆಟರ್ ಫ್ರಮ್ ತಾತ' ಆದರೆ 'ತಾತನಿಂದ ಬಂದ ಕಾಗದ', 'ಫ್ರಮ್' ಹೋಗಿ 'ಇಂದ' ಆಯಿತು. 'ಎ ಟ್ರಿಪ್ ಟು ಹಂಪಿ' ಆದರೆ 'ಹಂಪಿಗೆ ಪ್ರವಾಸ', 'ಟು' ಹೋಗಿ 'ಗೆ' ಆಯಿತು. 'ದಿ ಲಯನ್ ಆ್ಯಂಡ್ ದಿ ಮೌಸ್' ಅನ್ನು 'ಸಿಂಹವೂ ಇಲಿಯೂ' ಅಂದರೆ 'ಆ್ಯಂಡ್' ಕೂಡ ಬಾಲದ 'ಊ' ಆಗಿಬಿಡುತ್ತದೆ. ನಾವು ಪದದ ತುದಿಗೆ ಅಂಟಿಸುವ ವಿಭಕ್ತಿ ಪ್ರತ್ಯಯಗಳನ್ನೇ ಇಂಗ್ಲಿಷಿನವರು ಬಿಡಿ ಪದವಾಗಿ ಬರೆಯುತ್ತಾರೆ. ಶೀರ್ಷಿಕೆಯಲ್ಲಿ ಸ್ಮಾಲ್ ಆಗುವುದು ಹೆಚ್ಚಾಗಿ ಅವೇ. ಮಗುವಿಗೆ ಹೇಳುವ ಸೂತ್ರ ಹೀಗಿರಲಿ: ಕನ್ನಡದಲ್ಲಿ ಬಾಲಕ್ಕೆ ಅಂಟುವ ಪದ, ಮಾಯವಾಗುವ ಪದ ಸ್ಮಾಲ್. ಕನ್ನಡದಲ್ಲೂ ಸ್ವಂತ ಕಾಲ ಮೇಲೆ ನಿಲ್ಲುವ ಪದ ಕ್ಯಾಪಿಟಲ್.

ಈ ಪರೀಕ್ಷೆ ನೂರಕ್ಕೆ ನೂರು ಸರಿ ಬರುವುದಿಲ್ಲ. 'ಎ' ಅನ್ನು ಮಕ್ಕಳು 'ಒಂದು' ಅಂತ ಬಿಡಿ ಪದವಾಗಿಯೇ ಹೇಳುತ್ತಾರೆ. 'ಆನ್' ಅಂದರೆ 'ಮೇಲೆ', 'ಬಟ್' ಅಂದರೆ 'ಆದರೆ', 'ವಿತ್' ಅಂದರೆ 'ಜೊತೆ', ಇವೆಲ್ಲ ಕನ್ನಡದಲ್ಲಿ ಒಂಟಿಯಾಗಿ ನಿಲ್ಲುತ್ತವೆ, ಆದರೂ ಶೀರ್ಷಿಕೆಯಲ್ಲಿ ಸ್ಮಾಲ್. ಇಂಥವಕ್ಕೆ ಕಾರ್ಡೇ ಗತಿ. ಆದರೂ ಈ ದಾರಿಯನ್ನು ಬಿಡಬೇಡಿ, ಯಾಕೆಂದರೆ ಮಗು ಪದದ ಅರ್ಥ ಯೋಚಿಸಿ ಬರೆಯಲು ಶುರು ಮಾಡುವುದು ಇಲ್ಲಿಂದಲೇ. ತಮಿಳು, ತೆಲುಗು ಮನೆಮಾತಿನ ಮಕ್ಕಳಿಗೂ ಇದು ಕೆಲಸ ಮಾಡುತ್ತದೆ, ಅವರಲ್ಲೂ ಪ್ರತ್ಯಯ ಪದದ ತುದಿಗೇ ಬರುವುದು.

'ಈಸ್' ಎಂಬ ಹೊಂಡ

ಈಗ 'ದಿಸ್ ಈಸ್ ಮೈ ಹೌಸ್' ಕಡೆ ಬನ್ನಿ. ಇದು ಕನ್ನಡದಲ್ಲಿ 'ಇದು ನನ್ನ ಮನೆ'. 'ಈಸ್' ಎಲ್ಲಿ? ಮಾಯ! ನಮ್ಮ ವಾಕ್ಯಕ್ಕೆ ಅದು ಬೇಕಾಗಿಲ್ಲ. ಹಾಗಾಗಿ ಕನ್ನಡದ ಮಗು ಅದನ್ನು 'ದಿ', 'ಎ'ಗಳ ಗುಂಪಿಗೆ ಸೇರಿಸಿ ಸ್ಮಾಲ್ ಮಾಡುತ್ತದೆ. ಎರಡೇ ಅಕ್ಷರದ ಪದ ಬೇರೆ, ನೋಡಲು ಸಣ್ಣದು. ನಾನು ನೋಡಿದ ನೋಟ್‌ಬುಕ್‌ಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ದೊಡ್ಡವರ ಪಿಪಿಟಿ ಸ್ಲೈಡುಗಳಲ್ಲೂ, ಮದುವೆ ವಿಡಿಯೊಗಳ ಹೆಸರುಗಳಲ್ಲೂ ಇದೇ ತಪ್ಪು ಇರುತ್ತದೆ.

ಇದನ್ನು ಹೇಳಿಕೊಡುವಾಗ ಸ್ವಲ್ಪ ಹೊತ್ತು ನಿಲ್ಲಬೇಕು. ಮಾತು ಸುಮಾರು ಹೀಗೆ ಸಾಗುತ್ತದೆ:

'ಈಸ್ ಯಾಕಮ್ಮಾ ದೊಡ್ಡದು? ಅದರಲ್ಲಿ ಇರೋದೇ ಎರಡಕ್ಷರ.'

'ಎಷ್ಟು ಅಕ್ಷರ ಅಂತ ಎಣಿಸಬೇಡ ಪುಟ್ಟಾ. ಅದು ಏನು ಕೆಲಸ ಮಾಡ್ತಿದೆ ನೋಡು. ಹೋಗು, ಬಾ, ತಿನ್ನು ಇದ್ದ ಹಾಗೆ ಅದೂ ಒಂದು ಕ್ರಿಯಾಪದ.'

'ಕ್ರಿಯಾಪದ ಅಂದ್ರೆ ಕ್ಯಾಪಿಟಲ್ಲಾ?'

'ಹೌದು, ಎಷ್ಟು ಚಿಕ್ಕದಾದರೂ.'

ಕಾರ್ಡಿನ ಇನ್ನೊಂದು ಮಗ್ಗುಲಲ್ಲಿ 'ಚಿಕ್ಕದಾದರೂ ಕ್ಯಾಪಿಟಲ್' ಎಂಬ ಪಟ್ಟಿ ಬರೆಸಿ. ಕ್ರಿಯಾಪದಗಳು: ಈಸ್, ಆ್ಯಮ್, ಬಹುವಚನದ ಆರ್, ವಾಸ್, ಬಿ, ಡು, ಗೋ. ಸರ್ವನಾಮಗಳು: ಇಟ್, ಹಿ, ಶಿ, ವಿ, ಮೈ, ಹಿಸ್, ಹರ್, ಅವರ್. ಜೊತೆಗೆ 'ನೋ' ಮತ್ತು 'ನಾಟ್'. ಇದರಲ್ಲಿ 'ಮೈ' ಬಗ್ಗೆ ಮಕ್ಕಳು ಅಷ್ಟು ತಪ್ಪುವುದಿಲ್ಲ, ಯಾಕೆಂದರೆ ಅವರ ಪ್ರಬಂಧಗಳೆಲ್ಲ 'ಮೈ' ಇಂದಲೇ ಶುರುವಾಗುತ್ತವೆ: ಮೈ ಸ್ಕೂಲ್, ಮೈ ಮದರ್, ಮೈ ಪೆಟ್. 'ಇಟ್' ಮತ್ತು 'ಈಸ್' ಎರಡರ ಮೇಲೆ ಕಣ್ಣಿಡಿ.

'ಅಪ್' ಎಂಬ ಪದ ಇನ್ನೂ ಒಂದು ಆಟ ಆಡುತ್ತದೆ. 'ದಿ ಸ್ಪ್ಯಾರೋ ವೋಕ್ ಅಪ್ ಅರ್ಲಿ' ಎಂಬುದರಲ್ಲಿ 'ವೋಕ್ ಅಪ್' ಎರಡೂ ಸೇರಿ ಕನ್ನಡದ ಒಂದೇ ಕ್ರಿಯಾಪದ, 'ಎದ್ದಿತು'. ಎರಡು ಪದ ಸೇರಿ ಒಂದು ಕ್ರಿಯೆ ಆದರೆ ಎರಡಕ್ಕೂ ಕ್ಯಾಪಿಟಲ್. 'ಎ ವಾಕ್ ಅಪ್ ದಿ ಹಿಲ್' ಎಂಬುದರಲ್ಲಿ 'ಅಪ್' ಬೆಟ್ಟಕ್ಕೆ ಸೇರಿದ್ದು, ದಿಕ್ಕು ಹೇಳುತ್ತದೆ, ಅದು ಸ್ಮಾಲ್. ಇದು ಐದನೇ ತರಗತಿ ದಾಟಿದ ಮೇಲೆ ಹೇಳಿದರೆ ಸಾಕು. ಚಿಕ್ಕ ಮಗು 'ಅಪ್'ಗೆ ಎಲ್ಲಿ ಕ್ಯಾಪಿಟಲ್ ಹಾಕಿದರೂ ಸುಮ್ಮನಿರಿ.

ನಾಲ್ಕನೇ ಹೆಜ್ಜೆ: ಕೈಬರಹ

ಇದನ್ನು ಯಾರೂ ಗಮನಿಸುವುದಿಲ್ಲ. ಮಗುವಿಗೆ ನಿಯಮ ಗೊತ್ತಿರುತ್ತದೆ, ಬರೆದದ್ದು ಮಾತ್ರ ತಪ್ಪಾಗಿ ಕಾಣುತ್ತದೆ. ಸಿ, ಓ, ಎಸ್, ವಿ, ಡಬ್ಲ್ಯು, ಎಕ್ಸ್, ಝೆಡ್ ಈ ಏಳು ಅಕ್ಷರಗಳಿಗೆ ಕ್ಯಾಪಿಟಲ್ಲೂ ಸ್ಮಾಲೂ ಒಂದೇ ಆಕಾರ. ವ್ಯತ್ಯಾಸ ಇರುವುದು ಎತ್ತರದಲ್ಲಿ ಮಾತ್ರ. ನಾಲ್ಕು ಗೆರೆ ಕಾಪಿ ಪುಸ್ತಕದಲ್ಲಿ ಕ್ಯಾಪಿಟಲ್ ಮೊದಲ ಗೆರೆಯಿಂದ ಮೂರನೇ ಗೆರೆಯವರೆಗೆ ಬರುತ್ತದೆ, ಈ ಏಳರ ಸ್ಮಾಲ್ ರೂಪ ಎರಡನೇ ಮತ್ತು ಮೂರನೇ ಗೆರೆಯ ನಡುವೆಯೇ ಕೂರುತ್ತದೆ. ಗೆರೆ ಇರುವವರೆಗೆ ತೊಂದರೆ ಇಲ್ಲ. ಅದೇ ಮಗು ಒಂದೇ ಗೆರೆಯ ನೋಟ್‌ಬುಕ್ಕಿಗೆ ಅಥವಾ ಪ್ರಾಜೆಕ್ಟಿನ ಚಾರ್ಟ್ ಶೀಟಿಗೆ ಬಂದಾಗ 'ಸಮ್ಮರ್ ವೆಕೇಶನ್' ಎಂದು ಬರೆದರೆ ಆ ಎಸ್, ವಿ ಎರಡೂ ಪಕ್ಕದ ಅಕ್ಷರಗಳಷ್ಟೇ ಎತ್ತರ ಇರುತ್ತವೆ. ಟೀಚರ್ ಸುತ್ತು ಹಾಕುತ್ತಾರೆ. 'ನಾನು ಕ್ಯಾಪಿಟಲ್ಲೇ ಹಾಕಿದ್ದೆ' ಅಂತ ಮಗು ಅಳುತ್ತದೆ. ಅದು ಹೇಳುವುದು ನಿಜವೇ.

ಪಿ ಅಕ್ಷರದ ಕಥೆ ಸ್ವಲ್ಪ ಬೇರೆ. ಕ್ಯಾಪಿಟಲ್ ಪಿ ಗೆರೆಯ ಮೇಲೆ ನಿಲ್ಲುತ್ತದೆ, ಸ್ಮಾಲ್ ಪಿ ಗೆರೆಯ ಕೆಳಗೆ ಕಾಲು ಇಳಿಬಿಡುತ್ತದೆ. ಕೆ ಮತ್ತು ಯು ಕೂಡ ಅವಸರದಲ್ಲಿ ಬರೆದರೆ ಗೊಂದಲ ಮಾಡುತ್ತವೆ.

ಮದ್ದು ಸುಲಭ. ಶೀರ್ಷಿಕೆ ಬರೆಯುವ ಜಾಗದಲ್ಲಿ ಮಾತ್ರ ಸ್ಕೇಲ್ ಇಟ್ಟು ಪೆನ್ಸಿಲ್‌ನಲ್ಲಿ ತೆಳುವಾಗಿ ಮೂರು ಗೆರೆ ಎಳೆದುಕೊಂಡು, ಬರೆದಾದ ಮೇಲೆ ಅಳಿಸಲಿ. 'ಎ ಕ್ರೋ ಆ್ಯಂಡ್ ಎ ಸ್ನೇಕ್', 'ದಿ ವೈಸ್ ಔಲ್', 'ಎ ಝೂ ಇನ್ ಮೈಸೂರ್' ಇಂಥ ಶೀರ್ಷಿಕೆಗಳನ್ನು ಬೇಕೆಂದೇ ಬರೆಸಿ, ಈ ಅಕ್ಷರಗಳೇ ಮುಂದೆ ಬರುವ ಹಾಗೆ.

ಶಾಲೆಯಲ್ಲಿ ಬೇರೆ ಥರ ಹೇಳಿಕೊಟ್ಟರೆ

ಎಷ್ಟೋ ಶಾಲೆಗಳಲ್ಲಿ ಪಾಠದ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದು ಕೆಳಗೆ ಜೋಡಿ ಗೆರೆ ಎಳೆಯಬೇಕು ಅಂತ ಇರುತ್ತದೆ. ಅದು ತಪ್ಪಲ್ಲ, ಹೆಡ್ಡಿಂಗ್ ಎದ್ದು ಕಾಣುವುದಕ್ಕೆ ಮಾಡಿಕೊಂಡ ರೂಢಿ. ಮಿಸ್ ಹಾಗೆ ಹೇಳಿದ್ದರೆ ಆ ನೋಟ್‌ಬುಕ್ಕಿನಲ್ಲಿ ಹಾಗೇ ಬರೆಯಲಿ. ಮನೆಯಲ್ಲಿ ನೀವು ಒಂದು ಹೇಳಿ, ಶಾಲೆಯಲ್ಲಿ ಇನ್ನೊಂದು ಹೇಳಿ, ನಡುವೆ ಮಗು ಒದ್ದಾಡಬಾರದು. ಕಥೆ, ಪ್ರಬಂಧ, ಪತ್ರದೊಳಗೆ ಒಂದು ಪುಸ್ತಕದ ಹೆಸರು ಬಂದಾಗ ಈ ನಿಯಮ ಬೇಕಾಗುತ್ತದೆ, ಅಲ್ಲಿ ಪೂರ್ತಿ ದೊಡ್ಡಕ್ಷರ ಹಾಕಿದರೆ ಚೆನ್ನಾಗಿರುವುದಿಲ್ಲ. ಕೈಬರಹದಲ್ಲಿ ಪುಸ್ತಕದ ಹೆಸರಿನ ಕೆಳಗೆ ಒಂದು ಗೆರೆ ಎಳೆಯುವುದು ರೂಢಿ.

ಇನ್ನು 'ವಿತ್', 'ಫ್ರಮ್' ವಿಷಯದಲ್ಲಿ ಒಬ್ಬ ಟೀಚರ್ ಕ್ಯಾಪಿಟಲ್ ಅಂದರು, ಹಿಂದಿನ ವರ್ಷದವರು ಸ್ಮಾಲ್ ಅಂದಿದ್ದರು ಅನ್ನುವ ದೂರು ಬರುತ್ತದೆ. ಇಬ್ಬರೂ ಸರಿ. ಇಂಗ್ಲಿಷಿಗೆ ಈ ವಿಷಯದಲ್ಲಿ ಒಂದೇ ಕಾನೂನು ಇಲ್ಲ, ಹಲವು ಪ್ರಕಾಶನ ಸಂಸ್ಥೆಗಳ, ಪಂಡಿತ ಸಂಘಗಳ ಕೈಪಿಡಿಗಳಿವೆ. ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆಯ ಕೈಪಿಡಿ ಮತ್ತು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಕೈಪಿಡಿ, ನಾಲ್ಕು ಅಥವಾ ಹೆಚ್ಚು ಅಕ್ಷರದ ಪದಕ್ಕೆಲ್ಲ ಕ್ಯಾಪಿಟಲ್ ಹಾಕಿ ಅನ್ನುತ್ತವೆ; ಆ ಲೆಕ್ಕದಲ್ಲಿ 'ವಿತ್', 'ಫ್ರಮ್' ಕ್ಯಾಪಿಟಲ್. ಸಾಹಿತ್ಯದವರು ಬಳಸುವ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ ಎಂಬ ಸಂಘದ) ಪದ್ಧತಿಯಲ್ಲಿ ಇಂಥ ಪದ ಎಷ್ಟೇ ಉದ್ದ ಇದ್ದರೂ ಸ್ಮಾಲ್. 1906ರಿಂದ ಅಚ್ಚಾಗುತ್ತಿರುವ ಶಿಕಾಗೊ ಕೈಪಿಡಿ ಬಹುಕಾಲ ಎಂಎಲ್‌ಎ ಜೊತೆಗೇ ಇತ್ತು. 2024ರಲ್ಲಿ ಬಂದ ಅದರ 18ನೇ ಆವೃತ್ತಿ ಮನಸ್ಸು ಬದಲಿಸಿ, ಐದು ಅಥವಾ ಹೆಚ್ಚು ಅಕ್ಷರ ಇದ್ದರೆ ಕ್ಯಾಪಿಟಲ್ ಎಂದಿತು. ಆ ಲೆಕ್ಕದಲ್ಲಿ 'ವಿತ್' ಸ್ಮಾಲ್, 'ಅಂಡರ್', 'ಅಬೌಟ್', 'ಬಿಟ್ವೀನ್' ಕ್ಯಾಪಿಟಲ್. ದೊಡ್ಡ ದೊಡ್ಡ ಸಂಪಾದಕರೇ ಒಪ್ಪದ ವಿಷಯಕ್ಕೆ ಮಗುವಿನ ಅರ್ಧ ಅಂಕ ಕಳೆಯುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಕಾರ್ಡು ಈ ಶಿಕಾಗೊ ಲೆಕ್ಕಕ್ಕೆ ಹೊಂದುತ್ತದೆ. ಕನ್ನಡದ ಪರೀಕ್ಷೆಗೂ ಇದೇ ಹತ್ತಿರ: ಅಂಡರ್ ಅಂದರೆ 'ಕೆಳಗೆ', ಅಬೌಟ್ ಅಂದರೆ 'ಬಗ್ಗೆ', ಬಿಟ್ವೀನ್ ಅಂದರೆ 'ನಡುವೆ', ಎಲ್ಲವೂ ಕನ್ನಡದಲ್ಲಿ ಬಿಡಿಯಾಗಿ ನಿಲ್ಲುವ ಪದಗಳೇ. ಟೀಚರ್ ಬೇರೆ ಅಂದರೆ ಕಾರ್ಡಿನಿಂದ 'ವಿತ್', 'ಫ್ರಮ್' ಎರಡನ್ನು ಹೊಡೆದುಹಾಕಿ. ಒಂದು ಬರಹದೊಳಗೆ ಒಂದೇ ಪದ್ಧತಿ ಇದ್ದರಾಯಿತು.

ಸಣ್ಣಪುಟ್ಟ ಪ್ರಶ್ನೆಗಳು

ಅಪಾಸ್ಟ್ರಫಿ ಆದ ಮೇಲಿನ ಅಕ್ಷರ ಸ್ಮಾಲೇ: 'ಗ್ರ್ಯಾಂಡ್‌ಮದರ್ಸ್ ಗಾರ್ಡನ್' ಎಂಬಲ್ಲಿ ಆ 'ಎಸ್' ದೊಡ್ಡದಾಗುವುದಿಲ್ಲ. ಕೋಲನ್ ಚಿಹ್ನೆಯ ನಂತರದ ಪದ ಯಾವುದಾದರೂ ಕ್ಯಾಪಿಟಲ್: 'ಮೈಸೂರ್ ದಸರಾ: ಎ ನೈಟ್ ಟು ರಿಮೆಂಬರ್' ಎಂಬಲ್ಲಿ 'ಎ' ದೊಡ್ಡದು. ಇಸ್ರೊ, ಕೆಎಸ್‌ಆರ್‌ಟಿಸಿಯಂಥ ಹೆಸರುಗಳು ಹೇಗಿವೆಯೋ ಹಾಗೇ ಪೂರ್ತಿ ದೊಡ್ಡಕ್ಷರ. ಐಪ್ಯಾಡ್ ಎಂಬುದರ ಮೊದಲ 'ಐ' ಸಣ್ಣದು, ಕಂಪನಿಯವರು ಹಾಗೇ ಇಟ್ಟಿದ್ದಾರೆ, ಮಗು ಅದನ್ನು ತಿದ್ದಬೇಕಿಲ್ಲ. 'ನಮ್ಮ ಊರು', 'ಅಜ್ಜಿ ಮನೆ' ಅಂತ ಕನ್ನಡದ ಶೀರ್ಷಿಕೆಯನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಎರಡೂ ಪದಕ್ಕೆ ಕ್ಯಾಪಿಟಲ್ ಹಾಕಿಸಿ, ಅದರಲ್ಲಿ ಬಿಟ್ಟುಬಿಡುವಂಥ ಬಿಡಿ ಪ್ರತ್ಯಯ ಏನೂ ಇಲ್ಲವಲ್ಲ.

ಕಂಪ್ಯೂಟರ್ ಮಾಡಿಕೊಡುತ್ತದೆ ಅಂತ ನಂಬಬೇಡಿ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಸಾಲನ್ನು ಸೆಲೆಕ್ಟ್ ಮಾಡಿ ಶಿಫ್ಟ್ ಜೊತೆ ಎಫ್3 ಒತ್ತಿದರೆ ದೊಡ್ಡಕ್ಷರ, ಸಣ್ಣಕ್ಷರ ಬದಲಾಗುತ್ತಾ ಹೋಗುತ್ತದೆ ನಿಜ. ಆದರೆ 'ಪ್ರತಿ ಪದಕ್ಕೂ ಕ್ಯಾಪಿಟಲ್' ಎಂಬ ಆಯ್ಕೆ 'ದಿ', 'ಆಫ್' ಯಾವುದನ್ನೂ ಬಿಡುವುದಿಲ್ಲ. ಎಕ್ಸೆಲ್‌ನ 'ಪ್ರಾಪರ್' ಸೂತ್ರವಂತೂ 'ಡೋಂಟ್' ಎಂಬ ಪದದ ಅಪಾಸ್ಟ್ರಫಿ ಆದ ಮೇಲಿನ 'ಟಿ'ಯನ್ನೂ ದೊಡ್ಡದು ಮಾಡಿಬಿಡುತ್ತದೆ. ಇದನ್ನು ಮಗುವಿಗೆ ತೋರಿಸಿ, ಕಂಪ್ಯೂಟರಿನ ತಪ್ಪು ತಿದ್ದು ಅನ್ನಿ. ಅದರಷ್ಟು ಉತ್ಸಾಹದ ಅಭ್ಯಾಸ ಬೇರೆ ಇಲ್ಲ.

ಕಲಿತ ಮೇಲೆ ಬರುವ ಕಾಟ

ಶೀರ್ಷಿಕೆ ಚೆನ್ನಾಗಿ ಬಂತು ಅನ್ನುವ ಹೊತ್ತಿಗೆ ಮಗುವಿನ ವಾಕ್ಯಗಳು ಕೆಡಲು ಶುರುವಾಗುತ್ತವೆ. ಪ್ರಬಂಧದ ಒಳಗೂ ಸ್ಕೂಲ್, ಟೀಚರ್, ಮ್ಯಾಂಗೋ ಎಲ್ಲಕ್ಕೂ ಕ್ಯಾಪಿಟಲ್ ಹಾಕುತ್ತದೆ. ಗಾಬರಿಯಾಗಬೇಡಿ, ಹೊಸದಾಗಿ ಕಲಿತದ್ದನ್ನು ಎಲ್ಲ ಕಡೆ ಪ್ರಯೋಗಿಸುವುದು ಮಕ್ಕಳ ಸ್ವಭಾವ. ಹಿಂದೆ ಇಂಗ್ಲಿಷಿನವರೂ ಹೀಗೇ ಬರೆಯುತ್ತಿದ್ದರು: 1787ರ ಅಮೆರಿಕದ ಸಂವಿಧಾನದ ಮೂಲಪ್ರತಿಯಲ್ಲಿ ವಾಕ್ಯದ ನಡುವಿನ ನಾಮಪದಗಳಿಗೆ ಧಾರಾಳವಾಗಿ ಕ್ಯಾಪಿಟಲ್ ಇದೆ. ಜರ್ಮನ್ ಭಾಷೆಯಲ್ಲಿ ಇಂದಿಗೂ ಎಲ್ಲ ನಾಮಪದಕ್ಕೂ ಕ್ಯಾಪಿಟಲ್ ಹಾಕುವುದೇ ನಿಯಮ. ಇದನ್ನು ಮಗುವಿಗೆ ಕಥೆಯಾಗಿ ಹೇಳಿ, ಬೈಯಬೇಡಿ.

ತಿದ್ದುವುದಕ್ಕೆ ಒಂದೇ ಸಾಮಗ್ರಿಯನ್ನು ಎರಡು ರೂಪದಲ್ಲಿ ಬರೆಸಿ. ಮೇಲೆ ಶೀರ್ಷಿಕೆ: 'ಎ ರೇನಿ ಡೇ ಇನ್ ಮೈ ವಿಲೇಜ್'. ಕೆಳಗೆ ಅದೇ ಪದಗಳು ಬರುವ ವಾಕ್ಯ: 'ಇಟ್ ವಾಸ್ ಎ ರೇನಿ ಡೇ ಇನ್ ಮೈ ವಿಲೇಜ್'. ಮೇಲಿನದರಲ್ಲಿ 'ಇನ್' ಒಂದನ್ನು ಬಿಟ್ಟು ಉಳಿದ ಐದಕ್ಕೂ ಕ್ಯಾಪಿಟಲ್. ಕೆಳಗಿನದರಲ್ಲಿ 'ಇಟ್' ಒಂದಕ್ಕೆ ಮಾತ್ರ. ಎರಡು ಸಾಲನ್ನೂ ಒಂದರ ಕೆಳಗೊಂದು ನೋಡಿದಾಗ, ಎಲ್ಲಿ ಬರೆಯುತ್ತಿದ್ದೇನೆ ಅನ್ನುವುದರ ಮೇಲೆ ಕ್ಯಾಪಿಟಲ್ ನಿಂತಿದೆ ಅಂತ ಮಗುವಿಗೆ ಕಾಣುತ್ತದೆ. ದಿನಕ್ಕೊಂದು ಜೋಡಿ ಸಾಕು.

ಕೊನೆಗೆ ನಿಮ್ಮ ಅಭ್ಯಾಸಕ್ಕೆ ಕೆಲವು. ಶೀರ್ಷಿಕೆಯನ್ನು ಪೂರ್ತಿ ಸ್ಮಾಲ್‌ನಲ್ಲಿ ಬರೆದುಕೊಡಿ, ಮಗು ತಿದ್ದಿ ಬರೆಯಲಿ.

'ಹೌ ಟು ಮೇಕ್ ಎ ಕೈಟ್': ಹೌ, ಮೇಕ್, ಕೈಟ್ ಕ್ಯಾಪಿಟಲ್. ಟು, ಎ ಸ್ಮಾಲ್. ಅಸೋಸಿಯೇಟೆಡ್ ಪ್ರೆಸ್ ಪದ್ಧತಿಯಲ್ಲಿ ಇಂಥ 'ಟು'ಗೆ ಕ್ಯಾಪಿಟಲ್ ಇದೆ, ಅದನ್ನು ಈಗ ಹೇಳಬೇಡಿ.

'ವೈ ಐ ಆ್ಯಮ್ ಅಫ್ರೇಡ್ ಆಫ್ ಕ್ರ್ಯಾಕರ್ಸ್': 'ಆಫ್' ಒಂದೇ ಸ್ಮಾಲ್. 'ಆ್ಯಮ್' ಮೇಲೆ ಮಗು ಏನು ಮಾಡುತ್ತದೆ ನೋಡಿ.

'ದಿ ಕ್ಯಾಟ್ ಅಂಡರ್ ದಿ ಬೆಡ್': ಎರಡನೇ 'ದಿ' ಸ್ಮಾಲ್. 'ಅಂಡರ್'ಗೆ ಮಗು ಹೇಗೆ ಹಾಕಿದರೂ ಸರಿ ಕೊಡಿ, ಆದರೆ ಯಾಕೆ ಹಾಗೆ ಹಾಕಿದೆ ಅಂತ ಕೇಳಿ.

'ವಾಟ್ ಈಸ್ ಇಟ್ ಫಾರ್': ಇದು ಎಲ್ಲಕ್ಕಿಂತ ಕಷ್ಟದ್ದು. ನಾಲ್ಕೂ ಪದ ಚಿಕ್ಕವು, ನಾಲ್ಕಕ್ಕೂ ಕ್ಯಾಪಿಟಲ್. ಕೊನೆಯ 'ಫಾರ್' ಯಾಕೆ ದೊಡ್ಡದು ಅಂತ ಕಾರ್ಡು ನೋಡದೆ ಹೇಳಿದರೆ, ಆ ಕಾರ್ಡನ್ನು ಎತ್ತಿಡಬಹುದು.